"ಹಕ್ಕಿ ಗ್ಯಾರಂಟಿ" ಅಂದವನನ್ನು ನಂಬಿ ಹೋದೆ, ನೀವು ಹೋಗಬೇಡಿ

ಹೇಳಿಕೊಳ್ಳೋಕೇ ನಾಚಿಕೆ. ಆದರೂ ಬರೆಯುತ್ತಿದ್ದೇನೆ. ಹಕ್ಕಿ ತೋರಿಸುವವನು "ಗ್ಯಾರಂಟಿ" ಅಂದರೆ ದುಡ್ಡು ಕೊಡಬೇಡಿ. ಕೊಡಲೇಬೇಡಿ.

ವಸಂತದಲ್ಲಿ ಗಂಡು ಬಿಟರ್ನ್ ಕೂಗುವುದನ್ನು ಕೇಳಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಬಕಗಳ ಬಳಗದ ಹಕ್ಕಿ. ಜೊಂಡಿನ ನಡುವೆ ಕೊಕ್ಕು ಮೇಲೆತ್ತಿ ನಿಂತರೆ ಮುಗೀತು, ಎದುರಿಗಿದ್ದರೂ ಕಾಣದು. ಕೂಗು ಮಾತ್ರ ಖಾಲಿ ಕೊಡದ ಬಾಯಿಗೆ ಊದಿದ ಹಾಗೆ, 3-4 ಕಿಲೋಮೀಟರ್ ದೂರಕ್ಕೂ ಕೇಳುತ್ತೆ.

ಗೈಡ್ ದುಡ್ಡು ಪೂರ್ತಿ ಮುಂಗಡ ತಗೊಂಡ. ಪೂರ್ತಿ! ಅಲ್ಲೇ ಅನುಮಾನ ಬರಬೇಕಿತ್ತು. ಬೆಳಗಿನ ಜಾವ ಜೌಗಿನ ಅಂಚಲ್ಲಿ ಹತ್ತು ಜನ ಉಸಿರು ಬಿಗಿಹಿಡಿದು ನಿಂತೆವು. "ಇಲ್ಲೇ ಇರಿ" ಅಂತ ಅವನೊಬ್ಬನೇ ಜೊಂಡಿನ ಕಡೆ ಹೋಗಿ ಬಂದ. ಐದು ನಿಮಿಷಕ್ಕೆ "ಭುಂ... ಭುಂ..." ನನಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಜೊಂಡಿನೊಳಗಿಂದ ಫೋನ್ ರಿಂಗಾಯಿತು.

ಗೈಡ್ ಜೇಬಿಗೆ ಕೈ ಹಾಕಿ ಕಾಲ್ ಕಟ್ ಮಾಡಿದ. ಜೊಂಡು ಸುಮ್ಮನಾಯಿತು. ಸ್ವಲ್ಪ ಬಿಟ್ಟು ಮತ್ತೆ "ಭುಂ" ಅಂತು. ಬ್ಲೂಟೂತ್ ಸ್ಪೀಕರ್! ನಾನು ಕಣ್ಣು ಒರೆಸಿಕೊಂಡಿದ್ದು ಸ್ಪೀಕರಿಗೆ. ಪಕ್ಕದವರು ನನ್ನನ್ನು ನೋಡಿಯೇ ನಕ್ಕರು.

ಕೇಳಿದ್ದಕ್ಕೆ "ಎಲ್ಲರೂ ಹಾಕ್ತಾರೆ ಸರ್, ಕೂಗು ಕೇಳಿ ನಿಜವಾದ್ದು ಬರುತ್ತೆ" ಅಂದ. ಬಂತಾ? "ಹಕ್ಕಿ ನನ್ನ ಕೈಲಿದೆಯಾ ಸರ್?" ಮತ್ತೆ ಗ್ಯಾರಂಟಿ ಅಂದಿದ್ದು? "ಕೂಗು ಕೇಳಿಸ್ತಲ್ವಾ." ದುಡ್ಡು ವಾಪಸ್ ಕೊಡು ಅಂದೆ. ಮರುದಿನ ಮೆಸೇಜ್ ಬಂತು: "ಪ್ರಕೃತಿಯನ್ನು ದುಡ್ಡಲ್ಲಿ ಅಳೆಯಬೇಡಿ ಸರ್." ಎರಡೆರಡು ಸಲ ಎಣಿಸಿ ತಗೊಂಡವನ ಮಾತು ಇದು!

ದುಡ್ಡು ಹಾಳಾಗಲಿ. ಇದು ಗೂಡು ಕಟ್ಟುವ ಕಾಲ ಅಲ್ವಾ? ಗಂಡು ಕೂಗುವುದೇ "ಇದು ನನ್ನ ಜಾಗ" ಅಂತ. ಅದೇ ಕೂಗನ್ನು ಸ್ಪೀಕರಲ್ಲಿ ಹಾಕಿದರೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದು ಗಾಬರಿಯಾಗುತ್ತೆ. ಮೇಯೋದು ಬಿಟ್ಟು ಸುಮ್ನೆ ಸುಸ್ತಾಗುತ್ತೆ. ಎಷ್ಟೋ ರಕ್ಷಿತ ಜಾಗಗಳಲ್ಲಿ ಇದು ನಿಷೇಧ. ನಾವು ಹತ್ತು ಜನ ದುಡ್ಡು ಕೊಟ್ಟು ಇದನ್ನು ಮಾಡಿಸಿದೆವು. ಅದೇ ಜಾಸ್ತಿ ಚುಚ್ಚುತ್ತಿದೆ.

ಹೋಗುವ ಮೊದಲೇ ಕೇಳಿ, ಪ್ಲೇಬ್ಯಾಕ್ (ರೆಕಾರ್ಡ್ ಮಾಡಿದ ಕೂಗು) ಹಾಕ್ತೀರಾ ಅಂತ. ತಡವರಿಸಿದರೆ ಬಿಟ್ಟುಬಿಡಿ. ಸರಿಯಾದ ಗೈಡ್ "ಕಂಡರೆ ಕಾಣಬಹುದು" ಅಂತಾನೆ, ಅಷ್ಟೇ. ಮುಂಗಡವನ್ನಂತೂ ಪೂರ್ತಿ ಕೊಡಬೇಡಿ.

ಆವತ್ತು ವಾಪಸ್ ಬರುವಾಗ ದಾರಿ ಪಕ್ಕದಲ್ಲೇ ಒಂದು ಬೂದು ಬಕ ಕಪ್ಪೆ ನುಂಗುತ್ತಿತ್ತು. ಗಂಟಲಲ್ಲಿ ಉಬ್ಬು ನಿಧಾನ ಇಳಿಯುತ್ತಿತ್ತು. ಕೋಪದಲ್ಲಿ ಅದನ್ನೂ ನಿಂತು ನೋಡಲಿಲ್ಲ.