ಮನಸ್ಸಿನ ಡಾಕ್ಟರ ಹತ್ತಿರ ಹೇಳಿದ್ದು ಎಲ್ಲಿಗೆ ಹೋಗುತ್ತದೆ? ದಾವಣಗೆರೆಯಲ್ಲಿ ನಾನು ನೋಡಿದ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಪೇಟೆಯ ಡಾಕ್ಟರಿಗೆ. ಅಲ್ಲಿ ಎಸಿ ಇಲ್ಲ, ಟಿವಿ ಇಲ್ಲ, ಬೆಂಚಿನ ರೆಕ್ಸಿನ್ ಹರಿದಿದೆ. ಆದರೂ ಅಲ್ಲಿಗೇ ಹೋಗುತ್ತೇನೆ. ಯಾಕೆ ಅಂತ ಗೊತ್ತಾಗಬೇಕಾದರೆ ನಾನು ದುಡ್ಡು ಕೊಟ್ಟು ನೋಡಿದ ಉಳಿದ ಎರಡರ ಕಥೆಯನ್ನೂ ಹೇಳಬೇಕು.

ರಾತ್ರಿ ನಿದ್ದೆ ಇರಲಿಲ್ಲ. ಸುಮ್ಮನೆ ಕೂತಿದ್ದರೂ ಎದೆ ಡವಡವ ಅನ್ನುತ್ತಿತ್ತು. ಇಸಿಜಿ ತೆಗೆಸಿದರೆ ಎಲ್ಲ ನಾರ್ಮಲ್. 'ಮನಸ್ಸಿನ ಡಾಕ್ಟರಿಗೆ ಒಂದ್ಸಲ ತೋರಿಸಿಬಿಡಿ' ಅಂದರು ನಮ್ಮ ಫ್ಯಾಮಿಲಿ ಡಾಕ್ಟರು. ಚಿಕಿತ್ಸೆ ಎಲ್ಲಿ ಚೆನ್ನಾಗಿತ್ತು ಅಂತ ನಾನು ಇಲ್ಲಿ ಹೇಳುತ್ತಿಲ್ಲ. ಕೇಳುವ ಪ್ರಶ್ನೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನಾನು ಹೋಲಿಸುತ್ತಿರುವುದು ಬೇರೆ: ನನ್ನ ಹೆಸರು, ನಂಬರು, ಬಾಗಿಲು ಹಾಕಿಕೊಂಡು ಹೇಳಿದ ಮಾತು, ಇವೆಲ್ಲ ಯಾರ ಕೈಗೆ ಹೋಗುತ್ತವೆ ಅನ್ನುವುದು.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ವಿಭಾಗ ನೋಡಿಕೊಳ್ಳುವವಳು. ಕಂತು ತಪ್ಪಿದವರಿಗೆ ಫೋನ್ ಹಚ್ಚುವುದೇ ದಿನದ ಕೆಲಸ. ಹಾಗಾಗಿ ಅರ್ಧ ಊರಿನ ನಂಬರ್ ನನ್ನ ಮೊಬೈಲಿನಲ್ಲಿದೆ. ನನ್ನ ನಂಬರ್ ಅವರ ಮೊಬೈಲಿನಲ್ಲೂ ಇದೆ, ಎತ್ತದೇ ಇರೋದಕ್ಕಾದರೂ ಸೇವ್ ಮಾಡಿಕೊಂಡಿರುತ್ತಾರೆ.

ಮೊದಲು ಹೋಗಿದ್ದು ಹೊಸ ಬಡಾವಣೆಯೊಂದರ ಹೊಸ ಕ್ಲಿನಿಕ್ಕಿಗೆ. ಗಾಜಿನ ಬಾಗಿಲು, ತಿಳಿ ಹಸಿರು ಗೋಡೆ, ಒಳ್ಳೆಯ ಡಾಕ್ಟರು. ನೋಂದಣಿಗೆ ಹೆಸರು, ವಯಸ್ಸು, ವಿಳಾಸ, ಗಂಡನ ಹೆಸರು, ಗಂಡನ ಕೆಲಸ, ಆಧಾರ್ ಜೆರಾಕ್ಸ್ ಕೇಳಿದರು. ಕೌಂಟರ್ ಮೇಲಿನ ಪುಟ್ಟ ಕ್ಯಾಮೆರಾದಲ್ಲಿ ಒಂದು ಫೋಟೊ ಬೇರೆ ತೆಗೆದರು. ಗಂಡನ ಕೆಲಸ ಯಾಕೆ ಬೇಕು ಅಂತ ಕೇಳಿದೆ. 'ಅದು ತುಂಬದಿದ್ರೆ ಸಾಫ್ಟ್‌ವೇರ್ ಮುಂದಕ್ಕೇ ಹೋಗಲ್ಲ ಮೇಡಂ' ಅಂದಳು ಹುಡುಗಿ. ಅವಳನ್ನು ಬೈದು ಏನು ಪ್ರಯೋಜನ? ನಮ್ಮ ಸಂಘದ ಸಾಫ್ಟ್‌ವೇರೂ ಹೀಗೇ, ಕೆಂಪು ಚುಕ್ಕಿ ಇರುವ ಕಡೆ ಏನಾದರೂ ತುಂಬಲೇಬೇಕು. ಒಂದು ಅಡ್ಡಗೆರೆ ಒತ್ತಿದರೆ ಅದೂ ಸುಮ್ಮನಾಗುತ್ತದೆ ಅನ್ನೋದು ನನಗೆ ಗೊತ್ತು, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅಂದಹಾಗೆ, ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ತೋರಿಸಿಕೊಳ್ಳೋಕೆ ಆಧಾರ್ ಕೊಡಲೇಬೇಕು ಅಂತ ಕಾನೂನಿಲ್ಲ. ಪಟ್ಟು ಹಿಡಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಕಾಯುವ ಹಾಲಿನ ಟಿವಿಯಲ್ಲಿ ಟೋಕನ್ ನಂಬರಿನ ಪಕ್ಕ ಪೂರ್ತಿ ಹೆಸರು ಬರುತ್ತದೆ, ಇನಿಷಿಯಲ್ ಸಮೇತ.

ಇಷ್ಟಕ್ಕೆಲ್ಲ ನಾನು ಆ ಕ್ಲಿನಿಕ್ ಬಿಡುತ್ತಿರಲಿಲ್ಲ. ಬಿಡಿಸಿದ್ದು ವಾಟ್ಸಾಪ್.

ಒಂದು ಸಂಜೆ ಆಫೀಸ್ ಮುಗಿಸಿ ಗಾಡಿ ತೆಗೆಯುವಾಗ ಮೊಬೈಲ್ ಸದ್ದು ಮಾಡಿತು. ನನ್ನನ್ನು ಒಂದು ಗ್ರೂಪಿಗೆ ಸೇರಿಸಿದ್ದರು. ಗ್ರೂಪಿನ ಹೆಸರು ಏನು ಗೊತ್ತಾ? ಕ್ಲಿನಿಕ್ಕಿನ ಹೆಸರು, ಅದರ ಮುಂದೆ 'ಪೇಷೆಂಟ್ಸ್'. ಮೊದಲ ಮೆಸೇಜು ಒಂದು ಸೂರ್ಯಕಾಂತಿ ಹೂವಿನ ಚಿತ್ರ, ಕೆಳಗೆ 'ಚೆನ್ನಾಗಿ ನಿದ್ದೆ ಮಾಡಿ, ಖುಷಿಯಾಗಿರಿ'. ಸದಸ್ಯರ ಪಟ್ಟಿ ತೆರೆದು ನೋಡಿದೆ. ನಾನು ಗ್ರಾಹಕರನ್ನು ಹೆಸರಿನಿಂದ ಸೇವ್ ಮಾಡುವುದಿಲ್ಲ, ಸಾಲದಿಂದ ಮಾಡುತ್ತೇನೆ. ಪಟ್ಟಿಯಲ್ಲಿ ಸಾಲಾಗಿ ಬಂದವು: 'ಅಡಿಕೆ ಸಾಲ ಜಾಮೀನು', 'ಆಟೋ ಸಾಲ 2 ಕಂತು ಬಾಕಿ', 'ಹೊಲಿಗೆ ಮಷಿನ್ ಅಕ್ಕ'. ನಡುವೆ ನಮ್ಮ ಆಡಿಟರ್ ಆಫೀಸಿನ ಹುಡುಗ. ಅವರ ವಿಷಯ ನನಗೆ ಗೊತ್ತಾದ ಹಾಗೇ ನನ್ನ ವಿಷಯವೂ ಅವರಿಗೆ ಗೊತ್ತಾಗಿರಬೇಕಲ್ಲ! ನನ್ನ ಡಿಪಿಯಲ್ಲಿ ಮಗ ಸ್ಕೂಲ್ ಯೂನಿಫಾರ್ಮಿನಲ್ಲಿದ್ದಾನೆ, ಟೈ ಮೇಲೆ ಶಾಲೆಯ ಹೆಸರು ಕೂಡ ಓದಬಹುದು.

ತಕ್ಷಣ ಹೊರಗೆ ಬಂದೆ. ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ, ಎಲ್ಲರಿಗೂ ಡಂಗುರ ಆಗುವುದಿಲ್ಲ. ಆದರೆ ಬಿಟ್ಟವರ ಹೆಸರು 60 ದಿನ 'ಹಿಂದಿನ ಸದಸ್ಯರು' ಅಂತ ಒಳಗೇ ಇರುತ್ತದೆ, ಯಾವ ಸದಸ್ಯ ಬೇಕಾದರೂ ನೋಡಬಹುದು. ಬಿಟ್ಟು ಬಂದೂ ಎರಡು ತಿಂಗಳು ಅಲ್ಲೇ ಇದ್ದೆ ಅಂತಾಯಿತು.

ಮರುದಿನ ಫೋನ್ ಮಾಡಿದೆ. 'ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಥರ ಮಾಡಿದೀವಲ್ಲ ಮೇಡಂ, ಬೇರೆಯವ್ರು ಏನೂ ಬರೆಯೋಕಾಗಲ್ಲ' ಅಂತ ಉತ್ತರ. ಬರೆಯೋಕಾಗಲ್ಲ ಸರಿ, ನೋಡೋಕಾಗುತ್ತಲ್ಲ ಅಂದೆ. ಫೋನು ಮ್ಯಾನೇಜರ ಕೈಗೆ ಹೋಯಿತು. ಅವರು ಸಮಾಧಾನದ ದನಿಯಲ್ಲಿ, 'ಎಲ್ರೂ ಪೇಷೆಂಟ್‌ಗಳೇ ಅಲ್ವಾ ಮೇಡಂ, ಯಾರು ಯಾರಿಗೆ ಹೇಳ್ತಾರೆ?' ಅಂದರು. ಈ ಮಾತಿಗೆ ನನಗೆ ಇವತ್ತಿಗೂ ಉತ್ತರ ಹೊಳೆದಿಲ್ಲ.

ಗ್ರೂಪ್ ಯಾಕೆ, ಬ್ರಾಡ್‌ಕಾಸ್ಟ್ ಮಾಡಬಹುದಿತ್ತಲ್ಲ ಅಂತಲೂ ಕೇಳಿದೆ. ಬ್ರಾಡ್‌ಕಾಸ್ಟಿನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಕ್ಲಿನಿಕ್ಕಿನ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮನಸ್ಸಿನ ಆಸ್ಪತ್ರೆಯ ನಂಬರನ್ನು ಯಾರು ಹೆಸರು ಹಾಕಿ ಸೇವ್ ಮಾಡಿಕೊಳ್ಳುತ್ತಾರೆ ಹೇಳಿ! ಅದಕ್ಕೇ ಮೆಸೇಜ್ ಹೋಗುತ್ತಿರಲಿಲ್ಲವಂತೆ, ಅದಕ್ಕೇ ಗ್ರೂಪಂತೆ. ಜನ ಯಾಕೆ ಸೇವ್ ಮಾಡಿಕೊಂಡಿಲ್ಲ ಅಂತ ಒಂದು ನಿಮಿಷ ಯೋಚನೆ ಮಾಡಿದ್ದರೂ ಸಾಕಿತ್ತು.

ಇದಕ್ಕೆ ಕಾನೂನು ಇಲ್ಲದೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ರೋಗಿಯ ವಿಷಯ ಗುಟ್ಟಾಗಿ ಇರಬೇಕು ಅನ್ನುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ಸೂರ್ಯಕಾಂತಿ ಹೂವು ಆ ಪಟ್ಟಿಯಲ್ಲಿಲ್ಲ. 24ನೇ ಸೆಕ್ಷನ್ ಕಂಪ್ಯೂಟರಿನಲ್ಲಿ, ಆನ್‌ಲೈನಿನಲ್ಲಿ ಇಟ್ಟ ಮಾಹಿತಿಗೂ ಇದೇ ಮಾತು ಅಂತ ಬಿಡಿಸಿ ಹೇಳುತ್ತದೆ. 25ನೆಯದು ನಮ್ಮ ದಾಖಲೆಯನ್ನು ನಾವು ಕೇಳಿ ಪಡೆಯುವ ಹಕ್ಕು.

ಆ ಹಕ್ಕು ಚಲಾಯಿಸೋಕೆ ಹೋಗಿಯೇ ಇನ್ನೊಂದು ಗೊತ್ತಾಯಿತು. ಫೈಲಿನ ಪ್ರತಿ ಕೊಡಿ ಅಂದೆ. ತಕರಾರಿಲ್ಲದೆ ಕೊಟ್ಟರು, ಅದನ್ನು ಒಪ್ಪಬೇಕು. ಆದರೆ ಕೊಟ್ಟಿದ್ದು ಅದೇ ಕೌಂಟರ್ ಹುಡುಗಿ, ತನ್ನದೇ ಕಂಪ್ಯೂಟರಿನಿಂದ ಪ್ರಿಂಟ್ ಹೊಡೆದು. ಅತ್ತೆಯ ವಿಷಯ, ಬಾಣಂತನದ ಹೊತ್ತಿನ ವಿಷಯ, ನಾನು ಡಾಕ್ಟರ ಎದುರು ಅತ್ತು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ಟೈಪ್ ಆಗಿ ಹಾಲಿನ ಕಡೆ ಮುಖ ಮಾಡಿದ ಪ್ರಿಂಟರಿನಿಂದ ಒಂದೊಂದೇ ಹಾಳೆಯಾಗಿ ಹೊರಗೆ ಬಂತು. ಅಂದರೆ ಡಾಕ್ಟರ ಟಿಪ್ಪಣಿಯನ್ನು ಕೌಂಟರಿನಲ್ಲಿ ಯಾರು ಬೇಕಾದರೂ ತೆರೆಯಬಹುದು. ಫಿನ್ಲೆಂಡಿನಲ್ಲಿ ವಸ್ತಾಮೊ ಅನ್ನುವ ಖಾಸಗಿ ಕೌನ್ಸೆಲಿಂಗ್ ಕಂಪನಿಯ ಇಂಥದೇ ಟಿಪ್ಪಣಿಗಳು ಕಳ್ಳನ ಕೈಗೆ ಸಿಕ್ಕಿ, 2020ರಲ್ಲಿ ಅವನು ರೋಗಿಗಳಿಗೇ ಇಮೇಲ್ ಕಳಿಸಿ ದುಡ್ಡು ಕೇಳಿದ್ದ. ಕಂಪನಿ ದಿವಾಳಿಯಾಯಿತು, ಆರೋಪಿಗೆ 2024ರಲ್ಲಿ ಜೈಲಾಯಿತು. ಅಲ್ಲಿ ಹ್ಯಾಕರ್ ಬೇಕಾಯಿತು. ಇಲ್ಲಿ ಕೌಂಟರ್ ಹುಡುಗಿ ಊಟಕ್ಕೆ ಎದ್ದು ಹೋದರೆ ಸಾಕು.

ಫೋಟೊ, ಆಧಾರ್ ಅಳಿಸಿ ಅಂತ ಬರೆದುಕೊಟ್ಟೆ. ಚಿಕಿತ್ಸೆಯ ದಾಖಲೆ ಇಟ್ಟುಕೊಳ್ಳಲಿ, ಅದು ಡಾಕ್ಟರಿಗೂ ಬೇಕು, ನಾಳೆ ನನಗೂ ಬೇಕಾಗಬಹುದು. ಫೋಟೊ ಇಟ್ಟುಕೊಂಡು ಏನು ಮಾಡುತ್ತಾರೆ? 'ಸಾಫ್ಟ್‌ವೇರ್ ಕಂಪನಿಯವರಿಗೆ ಹೇಳ್ತೀವಿ' ಅಂದರು. ಇನ್ನೂ ಹೇಳುತ್ತಲೇ ಇದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಅಂತ ಕೇಳುವ ಹಕ್ಕೂ ಇದೆ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳುವ ಅವಕಾಶವೂ ಇದೆ. ಮಾಹಿತಿ ಜೋಪಾನ ಮಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಬರೆದಿದ್ದಾರೆ. ಅದರ ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಭಾಗ ಜಾರಿಯಾಗೋಕೆ ಅಲ್ಲಿಂದ 18 ತಿಂಗಳ ಗಡುವು. ಅಲ್ಲಿಯವರೆಗೆ ನಮ್ಮ ಹುಷಾರಿ ನಮಗೆ.

ಎರಡನೆಯದು ಮೊಬೈಲ್ ಆಪ್. ಬೆಂಗಳೂರಿನ ಕೌನ್ಸೆಲರ್, ವಿಡಿಯೊದಲ್ಲಿ ಮಾತು. ಇಲ್ಲಿ ಇಷ್ಟವಾಗಿದ್ದು, ಯಾವ ಹೆಸರು ಕೊಟ್ಟರೂ ನಡೆಯುತ್ತದೆ, ನಮ್ಮೂರಿನವರು ಯಾರೂ ಎದುರಾಗುವುದಿಲ್ಲ. ಕಷ್ಟ ಆಗಿದ್ದು ನಮ್ಮ ಮನೆಯಿಂದ. ಎರಡು ರೂಮಿನ ಮನೆಯಲ್ಲಿ ಅತ್ತೆಯ ವಿಷಯ ಅತ್ತೆಗೆ ಕೇಳಿಸದ ಹಾಗೆ ಎಲ್ಲಿ ಮಾತಾಡೋದು? ತಾರಸಿಗೆ ಹೋದೆ. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದವರು ಹಪ್ಪಳ ಬಿಟ್ಟು ನನ್ನನ್ನೇ ನೋಡುತ್ತಾ ನಿಂತರು. ಮಗ ನನ್ನ ಮೊಬೈಲಿನಲ್ಲಿ ಗೇಮ್ ಆಡುವಾಗ 'ನಿಮ್ಮ ಥೆರಪಿ ಸಮಯ ಆಯಿತು' ಅಂತ ಮೇಲಿಂದ ಪಟ್ಟಿ ಇಳಿದಿದ್ದೂ ಉಂಟು. ಷರತ್ತುಗಳು ಇಂಗ್ಲಿಷಿನಲ್ಲಿ, ಬೆರಳು ನೋಯುವಷ್ಟು ಉದ್ದ. 'ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು' ಅನ್ನುವ ಸಾಲು ನೋಡಿದ ಮೇಲೆ ಮುಂದೆ ಓದಲಿಲ್ಲ. ಅಮೆರಿಕದ ಬೆಟರ್‌ಹೆಲ್ಪ್ ಅನ್ನುವ ಇಂಥದೇ ಕೌನ್ಸೆಲಿಂಗ್ ಆಪ್ ತನ್ನ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥವರಿಗೆ ಕೊಟ್ಟಿತ್ತು ಅಂತ ಅಲ್ಲಿನ ವ್ಯಾಪಾರ ಆಯೋಗ ದೂರು ಹಾಕಿ, 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತ್ತು. ನನ್ನ ಆಪ್ ಹಾಗೆ ಮಾಡಿತು ಅನ್ನುತ್ತಿಲ್ಲ. ಒಂದು ಸಲ ಮಾತಾಡೋಕೆ 1,200 ರೂಪಾಯಿ ಅನ್ನುವುದೇ ನನಗೆ ಸಾಕಾಯಿತು.

ಈಗ ನನ್ನ ಡಾಕ್ಟರು. ಮೊದಲ ಸಲ ಹೋದಾಗ ಕಾಂಪೌಂಡರ್ ಕೇಳಿದ್ದು ಹೆಸರು, ವಯಸ್ಸು, ಊರು ಅಷ್ಟೇ. ಫೋನ್ ನಂಬರ್ ಕೊಡಲಾ ಅಂದರೆ 'ಕೊಟ್ರೆ ಕೊಡ್ರಿ, ಇಲ್ದಿದ್ರೆ ಬಿಡ್ರಿ' ಅಂದ. ಕೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಬಂತು, ಅದರ ಮೇಲೆ ನಂಬರ್. ಒಳಗೆ ಕರೆಯುವುದು ನಂಬರಿನಿಂದ. ಯಾರಾದರೂ ತೂಕಡಿಸುತ್ತಿದ್ದರೆ ಮಾತ್ರ 'ಹರಿಹರದೋರು, ಬರ್ರಿ' ಅನ್ನುತ್ತಾನೆ.

ಡಾಕ್ಟರು ಬರೆಯುವುದು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ. ಅದನ್ನು ನಾವೇ ತರಬೇಕು, ನಾವೇ ಒಯ್ಯಬೇಕು. ಅವರ ಹತ್ತಿರ ಉಳಿಯುವುದು ಒಂದು ಕಾರ್ಡು: ತಾರೀಖು, ಕಾಯಿಲೆ, ಮಾತ್ರೆ. ಅದು ಅವರ ಬೆನ್ನ ಹಿಂದಿನ ಗಾಡ್ರೇಜ್ ಬೀರುವಿನಲ್ಲಿರುತ್ತದೆ, ಬೀಗದ ಕೈ ಅವರ ಜೇಬಿನಲ್ಲಿ. ಅತ್ತೆಯ ವಿಷಯ ಎಲ್ಲೂ ಬರೆದಿಲ್ಲ. ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ, ಮುಂದಿನ ಸಲ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ.

ಒಮ್ಮೆ ನಾನು ಬರೋದು ತಡವಾಯಿತು ಅಂತ ನಮ್ಮ ಮನೆಯವರು ಕ್ಲಿನಿಕ್ಕಿಗೆ ಫೋನ್ ಮಾಡಿ, ನನ್ನ ಹೆಸರು ಹೇಳಿ, ಅವಳು ಹೊರಟಳಾ ಅಂತ ಕೇಳಿದ್ದಾರೆ. 'ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾವು ಫೋನಲ್ಲಿ ಹೇಳಂಗಿಲ್ರಿ' ಅಂದನಂತೆ ಕಾಂಪೌಂಡರ್. 'ನಾನು ಅವಳ ಗಂಡ' ಅಂದರೆ, 'ಗಂಡ ಆದ್ರೂ ಅಷ್ಟೇರಿ' ಅಂತ ಇಟ್ಟನಂತೆ. ಮನೆಯವರು ಸಿಡಿಮಿಡಿಗೊಂಡರು. ನನಗೆ ಒಳಗೊಳಗೇ ಖುಷಿ.

ತೊಂದರೆ ಇಲ್ಲಿಲ್ಲವೇ? ಇದೆ. ನೋಟ್‌ಬುಕ್ ಕಳೆದರೆ ಮುಗಿಯಿತು. ಮನೆಯಲ್ಲಿ ಅದನ್ನು ಬಚ್ಚಿಡುವುದು ಬೇರೆ ಕೆಲಸ, ನನ್ನದು ಆಫೀಸಿನ ಡ್ರಾಯರಿನಲ್ಲಿದೆ. ನೆನಪಿಸುವ ಮೆಸೇಜ್ ಇಲ್ಲ. ಅಕ್ಷರ ಓದೋಕೆ ಮೆಡಿಕಲ್ ಶಾಪಿನವನೇ ಬೇಕು. ಇನ್ಶೂರೆನ್ಸ್ ಕ್ಲೇಮ್ ಮಾಡುವವರಿಗೆ ಈ ನೋಟ್‌ಬುಕ್ ಸಾಕಾಗಲಿಕ್ಕಿಲ್ಲ.

ಮೆಡಿಕಲ್ ಶಾಪ್ ಅಂದಾಗ ನೆನಪಾಯಿತು. ಡಾಕ್ಟರು ಎಷ್ಟೇ ಗುಟ್ಟು ಕಾದರೂ ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂನಂಥ ಮಾತ್ರೆ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಲೆಕ್ಕ ಇಟ್ಟು ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಅಂಗಡಿಯವನು ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ ಅಂತ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅದು ಒಳ್ಳೆಯ ನಿಯಮವೇ. ನಾನು ನಮ್ಮ ಬೀದಿಯ ಅಂಗಡಿ ಬಿಟ್ಟು ಬಸ್ ನಿಲ್ದಾಣದ ಕಡೆಯ ಅಂಗಡಿಯಲ್ಲಿ ತಗೊಳ್ಳುತ್ತೇನೆ, ಅಷ್ಟೇ. ಫೀಸನ್ನೂ ಕ್ಯಾಶಿನಲ್ಲೇ ಕೊಡುತ್ತೇನೆ. ಯುಪಿಐ ಮಾಡಿದರೆ ಕ್ಲಿನಿಕ್ಕಿನ ಹೆಸರು ಸ್ಟೇಟ್‌ಮೆಂಟಿನಲ್ಲಿ ಉಳಿಯುತ್ತದೆ, ನಮ್ಮದು ಜಂಟಿ ಖಾತೆ.

ಹೊಸ ಕ್ಲಿನಿಕ್ಕಿನ ಫೀಸು 700, ಇವರದು 300. ನನ್ನ ಸಂಬಳಕ್ಕೆ, ಕ್ಯಾಶ್ ಇಟ್ಟುಕೊಂಡು ಓಡಾಡುವ ನನ್ನ ಅಭ್ಯಾಸಕ್ಕೆ ಇವರೇ ಸರಿ. ಊರೂರು ತಿರುಗುವ ಕೆಲಸದವರಿಗೆ, ಮನೆಯಲ್ಲಿ ಬಾಗಿಲು ಹಾಕಿಕೊಳ್ಳೋಕೆ ಒಂದು ರೂಮ್ ಇರುವವರಿಗೆ ಆಪ್ ಪರವಾಗಿಲ್ಲ. ಎಲ್ಲಿಗೂ ಹೋಗೋಕೆ ಧೈರ್ಯ ಇಲ್ಲ ಅನ್ನುವವರು ಮೊದಲು ಟೆಲಿ ಮಾನಸ್ ಅನ್ನುವ ಮನಸ್ಸಿನ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೊಸ ಕ್ಲಿನಿಕ್ಕಿಗೇ ಹೋಗುವವರು ಒಳಗೆ ಕಾಲಿಡುವ ಮುಂಚೆ ವಾಟ್ಸಾಪ್ ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ, ಅದರಲ್ಲಿ ಗ್ರೂಪ್ಸ್ ಒತ್ತಿ, 'ಮೈ ಕಾಂಟ್ಯಾಕ್ಟ್ಸ್' ಅಂತ ಮಾಡಿಕೊಳ್ಳಿ. ಆಮೇಲೆ ನೀವು ಸೇವ್ ಮಾಡಿಕೊಳ್ಳದವರು ನಿಮ್ಮನ್ನು ನೇರವಾಗಿ ಗ್ರೂಪಿಗೆ ಎಳೆಯೋಕಾಗುವುದಿಲ್ಲ.

ಒಂದೇ ಚಿಂತೆ ಇರೋದು. ನನ್ನ ಡಾಕ್ಟರ ಮಗಳೂ ಈಗ ಡಾಕ್ಟರು, ಅಪ್ಪನ ಜೊತೆ ಕೂರೋಕೆ ಶುರು ಮಾಡಿದ್ದಾರೆ. ಹೋದ ಸಲ ಹೋದಾಗ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇತ್ತು. ಇದರ ಪಾಸ್‌ವರ್ಡ್ ಯಾರ ಹತ್ರ ಇರುತ್ತೆ ಮೇಡಂ ಅಂತ ಕೇಳಿದೆ. ಅವರು ನಕ್ಕು, 'ನನ್ನ ಹತ್ರ ಮಾತ್ರ, ಅಪ್ಪಂಗೂ ಕೊಟ್ಟಿಲ್ಲ' ಅಂದರು. ಆದರೂ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ವಾಟ್ಸಾಪ್ ಬೇಡ' ಅಂತ ಅವರ ಕೈಯಿಂದಲೇ ಬರೆಸಿಕೊಂಡು ಬಂದಿದ್ದೇನೆ.