ಐದು ಬೇಸಿಗೆ ಕಂಡ ನಮ್ಮ ಗಾಳಿ ಡಿಂಗಿ

ನಮ್ಮ ಮೋಟಾರ್‌ಬೋಟ್ 28 ಅಡಿಯದು. ವಾಷಿಂಗ್ಟನ್ ರಾಜ್ಯದ ಅನಕಾರ್ಟಿಸ್ ಊರಿನಲ್ಲಿ ಕಟ್ಟಿರುತ್ತೇವೆ. ಬೇಸಿಗೆ ಬಂತೆಂದರೆ ಸ್ಯಾನ್ ವಾನ್ ದ್ವೀಪಗಳ ಕಡೆ ಹೊರಡುತ್ತೇವೆ. ಓರ್ಕಸ್ ದ್ವೀಪದ ಉತ್ತರಕ್ಕಿರುವ ಸೂಶಾ ದ್ವೀಪ ನಮಗೆ ಅಚ್ಚುಮೆಚ್ಚು. ಅಲ್ಲಿನ ಎಕೋ ಬೇಯಲ್ಲಿ ದಕ್ಕೆ ಇಲ್ಲ. ತೇಲುವ ಬೂಯ್‌ಗೆ ಬೋಟ್ ಕಟ್ಟಬೇಕು, ಇಲ್ಲವೇ ಲಂಗರು ಹಾಕಬೇಕು. ಆಮೇಲೆ ದಡ ಮುಟ್ಟಲು ಡಿಂಗಿ, ಅಂದರೆ ಚಿಕ್ಕ ದೋಣಿ, ಬೇಕೇ ಬೇಕು.

ಐದು ವರ್ಷದ ಹಿಂದೆ ನಾವು ಕೊಂಡದ್ದು 2.4 ಮೀಟರ್ ಉದ್ದದ, ಪಿವಿಸಿ ಎಂಬ ಪ್ಲಾಸ್ಟಿಕ್ ಬಟ್ಟೆಯ, ಗಾಳಿ ತುಂಬಿಸುವ ಡಿಂಗಿ. ನೆಲವೂ ಗಾಳಿಯದೇ. ತೂಕ ಸುಮಾರು 27 ಕಿಲೋ. ಅಂಗಡಿಯಲ್ಲಿ ಫೈಬರ್‌ಗ್ಲಾಸ್ ತಳದ ಡಿಂಗಿ ನೋಡಿ ಮನಸ್ಸು ಅದರ ಕಡೆಗೇ ಎಳೆಯಿತು. ನೀರಿನಲ್ಲಿ ಅದು ನೇರವಾಗಿ, ಗಟ್ಟಿಯಾಗಿ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನೂ ಹೆಂಡತಿಯೂ ಒಂದೊಂದು ಕಡೆ ಹಿಡಿದು ಎತ್ತಿ ನೋಡಿದೆವು. ಅಂಗಡಿಯ ಒಣ ನೆಲದ ಮೇಲೇ ಕಷ್ಟವಾಯಿತು. ಅಲೆಗೆ ಅಲ್ಲಾಡುವ ಬೋಟಿನ ಹಿಂಬದಿಯಲ್ಲಿ, ಸಂಜೆ ಗಾಳಿಯಲ್ಲಿ ಹೇಗಿರುತ್ತದೆ ಅಂತ ಯೋಚಿಸಿ ಬಿಟ್ಟುಬಿಟ್ಟೆವು. ಇವತ್ತಿಗೂ ಅದು ಸರಿಯಾದ ತೀರ್ಮಾನ ಎಂದೇ ಹೇಳುತ್ತೇನೆ. ಎತ್ತಲು ಕಷ್ಟವಾದ ಡಿಂಗಿಯನ್ನು ಯಾರೂ ಮೇಲೆತ್ತುವುದಿಲ್ಲ, ಹಗ್ಗ ಕಟ್ಟಿ ಎಳೆದುಕೊಂಡೇ ಹೋಗುತ್ತಾರೆ. ದ್ವೀಪಗಳಿಗೆ ಹೋಗುವ ದಾರಿಯ ರೊಸಾರಿಯೋ ಜಲಸಂಧಿಯಲ್ಲಿ ಗಾಳಿಯೂ ಪ್ರವಾಹವೂ ಎದುರುಬದುರಾದಾಗ ಹಿಂದೆ ಕುಣಿಯುವ ಡಿಂಗಿ ದೊಡ್ಡ ತಲೆನೋವು.

ಉದ್ದದ ಬಗ್ಗೆಯೂ ಒಂದು ಮಾತು. ನಮ್ಮ ಬೋಟಿನ ಅಗಲ 2.6 ಮೀಟರ್. ಡಿಂಗಿಯನ್ನು ಹಿಂಬದಿಯ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ ಕಟ್ಟುತ್ತೇವೆ. ಇದಕ್ಕಿಂತ ಉದ್ದದ್ದು ತಂದಿದ್ದರೆ ಎರಡೂ ಕಡೆ ಚಾಚಿಕೊಂಡು ದಕ್ಕೆಯ ಕಂಬಗಳಿಗೆ ಬಡಿಯುತ್ತಿತ್ತು. ಮೊದಲು ನಿಮ್ಮ ಬೋಟಿಗೆ ಟೇಪು ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ.

ಡಿಂಗಿಯ ಎಂಜಿನ್ ತೊಹಾತ್ಸು ಕಂಪನಿಯ 3.5 ಅಶ್ವಶಕ್ತಿಯದು. 18 ಕಿಲೋ ಚಿಲ್ಲರೆ ತೂಕ, ಒಂದು ಲೀಟರಿನಷ್ಟು ಪೆಟ್ರೋಲ್ ಹಿಡಿಯುವ ಟ್ಯಾಂಕು ಅದರೊಳಗೇ ಇದೆ. ರಿವರ್ಸ್ ಗೇರ್ ಇಲ್ಲ, ಎಂಜಿನ್ನನ್ನೇ ಪೂರ್ತಿ ತಿರುಗಿಸಬೇಕು. ಎರಡು ದಿನದಲ್ಲಿ ರೂಢಿಯಾಯಿತು. ಐದು ವರ್ಷದಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಹುಟ್ಟು ಹಾಕುವುದು ಮಾತ್ರ ಬೇರೆ ಕಥೆ. ಆನೆಗುಂದಿಯ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು, ಬಲ ಒಂಚೂರು ಹೆಚ್ಚುಕಡಿಮೆಯಾದರೂ ಸುತ್ತತೊಡಗುತ್ತದೆ. ಗಾಳಿ ಬೀಸುವಾಗ ಈ ಡಿಂಗಿಯೂ ಹಾಗೆಯೇ. ತಳದಲ್ಲಿ ಗಾಳಿ ತುಂಬಿದ ಕೀಲ್, ಅಂದರೆ ಉದ್ದಕ್ಕೂ ಉಬ್ಬಿದ ಏಣು, ಇರುವುದರಿಂದ ಸ್ವಲ್ಪ ವಾಸಿ. ಚಪ್ಪಟೆ ತಳದ್ದನ್ನು ಮಾತ್ರ ಸುಮ್ನೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಇಲ್ಲಿನ ದಡಗಳಲ್ಲಿ ಕಲ್ಲಿಗೆಲ್ಲ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಸಣ್ಣ ಕಡಲಜೀವಿ ಅಂಟಿರುತ್ತದೆ. ಬ್ಲೇಡಿನಷ್ಟು ಚೂಪು. ಎರಡನೇ ಬೇಸಿಗೆಯಲ್ಲಿ ಇಳಿಯುವ ಅವಸರಕ್ಕೆ ದೋಣಿಯನ್ನು ಒಂದಡಿ ಎಳೆದೆವು, ಅಷ್ಟಕ್ಕೇ ತಳ ಹರಿಯಿತು. ಡಿಂಗಿಯಲ್ಲಿ ಗಾಳಿ ತುಂಬುವ ಕೋಣೆಗಳು ಬೇರೆಬೇರೆ, ಉಳಿದವುಗಳಲ್ಲಿ ಗಾಳಿ ಇದ್ದುದರಿಂದ ವಾಪಸ್ ಬಂದೆವು. ಆದರೂ ಮಗಳು ಹೆದರಿದ್ದಳು, ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲೂ ಈ ನೀರು 10 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ, ಬಿದ್ದರೆ ಕೈಕಾಲು ಬೇಗ ಸೋಲುತ್ತವೆ. ಅವತ್ತಿನಿಂದ ದೊಡ್ಡವರೂ ಲೈಫ್ ಜಾಕೆಟ್ ಬಿಚ್ಚುವುದಿಲ್ಲ. ದೋಣಿಯನ್ನು ಎಳೆಯುವುದಿಲ್ಲ, ಇಬ್ಬರೂ ಎತ್ತಿಕೊಂಡೇ ನಡೆಯುತ್ತೇವೆ. ಉಬ್ಬರ ಇಳಿತದ ವ್ಯತ್ಯಾಸ ಕೆಲವು ದಿನ ಮೂರು ಮೀಟರ್ ದಾಟುವುದರಿಂದ ದಡದ ಮೇಲೆ ತುಂಬ ದೂರ ಒಯ್ದು ಕಟ್ಟಬೇಕು. ಹಗುರ ಡಿಂಗಿಯ ಬೆಲೆ ಗೊತ್ತಾಗುವುದು ಆಗಲೇ, ಅಲ್ವಾ?

ಗಾಳಿಯ ವಿಷಯವನ್ನೂ ಕೇಳಿ. ಬಿಸಿಲಿನಲ್ಲಿ 0.25 ಬಾರ್ ಒತ್ತಡಕ್ಕೆ ತುಂಬಿಸಿ ನೀರಿಗೆ ಇಳಿಸಿದರೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೂತಾಗಿದೆ ಎಂದು ಗಾಬರಿಯಾಗಬೇಡಿ. ತಣ್ಣೀರಿಗೆ ಒಳಗಿನ ಗಾಳಿ ಕುಗ್ಗುತ್ತದೆ ಅಷ್ಟೇ, ಇನ್ನೊಂದಿಷ್ಟು ಪಂಪ್ ಹೊಡೆಯಿರಿ. ಮೇಲೆತ್ತಿ ಬಿಸಿಲಿಗೆ ಇಟ್ಟಾಗ ಸ್ವಲ್ಪ ಗಾಳಿ ಬಿಡುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಬಟ್ಟೆಯ ಜೋಡಣೆಗೆ ಅಪಾಯ.

ನಾಲ್ಕನೇ ವರ್ಷ, ಎಂಜಿನ್ ಕೂರಿಸುವ ಹಿಂಭಾಗದ ಹಲಗೆಯ ಬಳಿ ಅಂಟು ಬಿಡತೊಡಗಿತು. ಬಿಸಿಲಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂದರು ಮಾರಿದವರು. ಬೇಸರವಾಯಿತು. ಪಿವಿಸಿಗೆ ಬಿಸಿಲು ಆಗಿಬರುವುದಿಲ್ಲ ಎಂದು ಕೊಳ್ಳುವಾಗಲೇ ಹೇಳಿದ್ದರೆ ಮೊದಲ ದಿನವೇ ಹೊದಿಕೆ ಹೊಲಿಸುತ್ತಿದ್ದೆ. ಹೈಪಲಾನ್ ಎಂಬ ಕೃತಕ ರಬ್ಬರಿನ ಬಟ್ಟೆ ಬಿಸಿಲು ಚೆನ್ನಾಗಿ ತಡೆಯುತ್ತದೆ, ಬೆಲೆ ಮಾತ್ರ ಜಾಸ್ತಿ. ವರ್ಷಕ್ಕೆ ಎರಡು ವಾರ ಬಳಸುವವರಿಗೆ ಪಿವಿಸಿ ಸಾಕು. ನಮ್ಮಂತೆ ಬೇಸಿಗೆಯಿಡೀ ಹೊರಗೆ ಕಟ್ಟಿಕೊಂಡು ತಿರುಗುವವರು ಹೈಪಲಾನಿಗೇ ಹಣ ಹಾಕಿ. ಮುಂದಿನ ಸಲ ನಾವು ತರುವುದೂ ಅದನ್ನೇ, ಇದೇ 2.4 ಮೀಟರ್ ಅಳತೆಯಲ್ಲಿ. ತೊಹಾತ್ಸು ಅದರ ಮೇಲೂ ಕೂರುತ್ತದೆ.