ವೆಟ್ ಲೆಗ್‌ನ ‘ಮಾಯಿಶ್ಚರೈಸರ್’: ವಿನೈಲ್‌ನಲ್ಲಿ ಕೇಳಿದಾಗ

ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಗೆಳತಿಯರಾದ ರಿಯಾನ್ ಟೀಸ್‌ಡೇಲ್ ಮತ್ತು ಹೆಸ್ಟರ್ ಚೇಂಬರ್ಸ್ ಕಟ್ಟಿದ ರಾಕ್ ತಂಡ ‘ವೆಟ್ ಲೆಗ್’, 2022ರ ಚೊಚ್ಚಲ ಆಲ್ಬಮ್‌ಗೆ ಗ್ರ್ಯಾಮಿ ಗಳಿಸಿದ ಬಳಿಕ, 2025ರ ಜುಲೈನಲ್ಲಿ ತಂದ ಎರಡನೆಯ ಆಲ್ಬಮ್ ಇದು. ಹಾಡುಗಳು 12, ಎಲ್‌ಪಿಯ (ವಿನೈಲ್ ಗ್ರಾಮಫೋನ್ ರೆಕಾರ್ಡಿನ) ಎರಡು ಬದಿಗಳಿಗೆ ಹೇಳಿ ಮಾಡಿಸಿದ ಅಳತೆ.

ಮುಖ ಬಿಗಿಹಿಡಿದು ನುಡಿಯುವ ಕುಚೋದ್ಯ ಇಲ್ಲಿಯೂ ಇದೆಯಾದರೂ ಅದರ ಗುರಿ ಈಗ ಪ್ರೇಮದಲ್ಲಿ ಸಿಲುಕಿದವರ ಸ್ವಂತ ಫಜೀತಿ. ‘ಸಿಪಿಆರ್’ (ನಿಂತ ಹೃದಯಕ್ಕೆ ಎದೆಯೊತ್ತಿ ಮಾಡುವ ಚಿಕಿತ್ಸೆ) ಹಾಡಿನಲ್ಲಿ ಒಲವು ತುರ್ತು ಚಿಕಿತ್ಸೆ ಬೇಡುವ ಕಾಯಿಲೆಯಾದರೆ, ‘ಕ್ಯಾಚ್ ದೀಸ್ ಫಿಸ್ಟ್ಸ್’ನಲ್ಲಿ ಬೆನ್ನುಬೀಳುವ ಗಂಡಸಿಗೆ ಮುಲಾಜಿಲ್ಲದ ಉತ್ತರ ಸಿಗುತ್ತದೆ. ಹರದೇಶಿ-ನಾಗೇಶಿ ಲಾವಣಿಗಳ ಸವಾಲ್-ಜವಾಬು ಕೇಳಿ ಬೆಳೆದ ನಮ್ಮ ಬೆಳಗಾವಿಯವರಿಗೆ ಈ ಗತ್ತು ಅಪರಿಚಿತವೆನಿಸದು. ಡ್ಯಾನ್ ಕ್ಯಾರಿಯವರ ನಿರ್ಮಾಣದಲ್ಲಿ ಬಾಸ್ ಗಿಟಾರಿನ ಗುಡುಗು ರೆಕಾರ್ಡಿನಲ್ಲಿ ತುಂಬಿಕೊಂಡು ಕೇಳುತ್ತದೆ. ತಂಡವೀಗ ಐವರದ್ದಾಗಿದ್ದು, ಚೇಂಬರ್ಸ್ ಹಿನ್ನೆಲೆಗೆ ಸರಿದಿರುವುದಷ್ಟೇ ನನ್ನ ತಕರಾರು.

ರೆಕಾರ್ಡಿನ ಒಳಸುತ್ತುಗಳಿಗೆ ಬಂದಂತೆ ಸೂಜಿಯಡಿ ಗೆರೆ ಸಾಗುವ ವೇಗ ಕುಗ್ಗುವುದರಿಂದ, ಸವೆದ ಸೂಜಿಯಿದ್ದರೆ ಬದಿಯ ಕೊನೆಯ ಹಾಡುಗಳಲ್ಲಿ ‘ಸ’ಕಾರದ ಸದ್ದುಗಳು ಸೀಳಿದಂತೆ ಕೇಳಿಸಬಹುದು. ನಮ್ಮೂರಿನ ಮಳೆಗಾಲದ ತೇವಕ್ಕೆ ರಟ್ಟಿನ ಕವರ್ ಬೂಸಲು ಹಿಡಿಯುವುದರಿಂದ ಪ್ಲಾಸ್ಟಿಕ್ ಹೊದಿಕೆಯನ್ನೂ ಜೊತೆಗೇ ಕೊಳ್ಳುವುದು ಲೇಸು.